ಕಾಣಿಕೆಯ ಲೆಕ್ಕ ಕೇಳಿದವರ ಕ್ಷಮಾಪಣೆ

2003ರಲ್ಲಿ ಸಿಂಗಾಪುರದ ಪತ್ರಿಕೆಗಳಲ್ಲಿ ಒಂದು ಕ್ಷಮಾಪಣೆ ಅಚ್ಚಾಯಿತು. ಅದನ್ನು ಕೊಟ್ಟವರು ಸಿಟಿ ಹಾರ್ವೆಸ್ಟ್ ಚರ್ಚಿನ ಒಬ್ಬ ಸಾಮಾನ್ಯ ಸದಸ್ಯರು. ಚರ್ಚಿನ ಹಣ ಹಿರಿಯ ಪಾಸ್ಟರ್ ಕಾಂಗ್ ಹೀ ಅವರ ಪತ್ನಿ, ಗಾಯಕಿ ಸನ್ ಹೋ ಅವರ ಹಾಡಿನ ಪ್ರಚಾರಕ್ಕೆ ಹೋಗುತ್ತಿದೆ ಎಂದು ಅವರು ಬಹಿರಂಗವಾಗಿ ಆರೋಪಿಸಿದ್ದರು. ಚರ್ಚ್ ಅದನ್ನು ಅಲ್ಲಗಳೆಯಿತು. ಆರೋಪ ಮಾಡಿದವರು ಮಾತನ್ನು ಹಿಂದಕ್ಕೆ ತೆಗೆದುಕೊಂಡು, ಪತ್ರಿಕೆಯ ಮೂಲಕ ಕ್ಷಮೆ ಕೇಳಿ ಸುಮ್ಮನಾಗಬೇಕಾಯಿತು.

ಹನ್ನೆರಡು ವರ್ಷಗಳ ನಂತರ, 2015ರ ಅಕ್ಟೋಬರ್ 21ರಂದು, ಸಿಂಗಾಪುರದ ನ್ಯಾಯಾಲಯವು ಕಾಂಗ್ ಹೀ ಮತ್ತು ಅವರ ಐವರು ಸಹಚರರನ್ನು ನಂಬಿಕೆದ್ರೋಹದ ಅಪರಾಧಿಗಳೆಂದು ಘೋಷಿಸಿತು. ಅವರಲ್ಲಿ ಕೆಲವರ ಮೇಲೆ ಸುಳ್ಳು ಲೆಕ್ಕ ಬರೆದ ಆರೋಪವೂ ರುಜುವಾತಾಯಿತು. ಶಿಕ್ಷೆಯಾದದ್ದು 2003ಕ್ಕಿಂತ ನಂತರದ ವರ್ಷಗಳ ವ್ಯವಹಾರಕ್ಕೆ. ಆದರೆ ಆ ಸದಸ್ಯರು ಎತ್ತಿದ ಪ್ರಶ್ನೆಗೂ ನ್ಯಾಯಾಲಯ ಕೊನೆಗೆ ಪರಿಶೀಲಿಸಿದ ಪ್ರಶ್ನೆಗೂ ತಿರುಳಿನಲ್ಲಿ ವ್ಯತ್ಯಾಸವಿರಲಿಲ್ಲ: ಸಭೆಯವರು ಒಂದು ಕೆಲಸಕ್ಕೆಂದು ಕೊಟ್ಟ ಹಣ ಎಲ್ಲಿಗೆ ಹೋಯಿತು?

ಚರ್ಚು ಮತ್ತು ಹಣದ ಸಂಬಂಧದ ಬಗ್ಗೆ ಬರೆಯುವಾಗ ಅಮೆರಿಕದ ಟಿವಿ ಬೋಧಕರ ಖಾಸಗಿ ವಿಮಾನಗಳಿಂದ ಆರಂಭಿಸುವುದು ಸುಲಭ. ನಾನು ಸಿಂಗಾಪುರದ ಪ್ರಕರಣವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇಲ್ಲಿ ಕದ್ದು ಜೇಬಿಗಿಳಿಸಿದ ಕಳ್ಳನಿಲ್ಲ. ವಿಚಾರಣೆ ನಡೆಸಿದ ನ್ಯಾಯಾಧೀಶ ಸೀ ಕೀ ಊನ್ ಅವರೇ, ಆರೋಪಿಗಳು ಸ್ವಂತ ಲಾಭ ಮಾಡಿಕೊಂಡಿದ್ದಾರೆಂಬುದು ಪ್ರಕರಣದ ಆಧಾರವಲ್ಲ, ಚರ್ಚಿಗೆ ನಷ್ಟವಾಗಿದೆ ಎಂಬುದೇ ಆಧಾರ ಎಂದು ಗುರುತಿಸಿದರು. ದೇವರ ಕೆಲಸ ಮಾಡುತ್ತಿದ್ದೇವೆ ಎಂದು ಪ್ರಾಮಾಣಿಕವಾಗಿ ನಂಬಿದ್ದ ಜನ, ಹಣ ಕೊಟ್ಟವರಿಗೆ ನಿಜ ಹೇಳುವ ಅಗತ್ಯವಿಲ್ಲ ಎಂದುಕೊಂಡಾಗ ಏನಾಗುತ್ತದೆ ಎಂಬುದು ಇಲ್ಲಿ ಕಾಗದಪತ್ರಗಳ ಸಮೇತ ದಾಖಲಾಗಿದೆ.

ಸಿಟಿ ಹಾರ್ವೆಸ್ಟ್ 1989ರಲ್ಲಿ ಬೆರಳೆಣಿಕೆಯ ಯುವಜನರೊಂದಿಗೆ ಶುರುವಾದ ಚರ್ಚ್. ಇಪ್ಪತ್ತು ವರ್ಷಗಳಲ್ಲಿ ಅದರ ವಾರದ ಹಾಜರಿ 30 ಸಾವಿರ ದಾಟಿತು. ಜುರಾಂಗ್ ವೆಸ್ಟ್ ಬಡಾವಣೆಯಲ್ಲಿ ಟೈಟಾನಿಯಂ ತಗಡು ಹೊದಿಸಿದ ಕಟ್ಟಡ ಎದ್ದಿತು. ಅದಕ್ಕೆ ತಗುಲಿದ್ದು 4.8 ಕೋಟಿ ಸಿಂಗಾಪುರ ಡಾಲರ್. 2010ರಲ್ಲಿ ನಗರದ ನಡುವಿನ ಸನ್‌ಟೆಕ್ ಸಮಾವೇಶ ಕೇಂದ್ರದಲ್ಲಿ ಪಾಲು ಕೊಳ್ಳುವುದಾಗಿ ಚರ್ಚ್ ಪ್ರಕಟಿಸಿದಾಗ ಯೋಜನೆಯ ಗಾತ್ರ 31 ಕೋಟಿ ಡಾಲರ್ ಮುಟ್ಟಿತ್ತು. ಇದಕ್ಕೆಲ್ಲ ಹಣ ಬಂದದ್ದು ಸದಸ್ಯರಿಂದ: ದಶಮಾಂಶ, ಕಾಣಿಕೆ, ಅದರ ಮೇಲೆ ಕಟ್ಟಡ ನಿಧಿಗೆ ಇಂತಿಷ್ಟು ಕೊಡುತ್ತೇನೆಂದು ಬರೆದುಕೊಡುವ ಹರಕೆ. ಕೆಲಸಕ್ಕೆ ಸೇರಿದ ಹೊಸದರಲ್ಲಿರುವ ತರುಣರು, ವಿದ್ಯಾರ್ಥಿಗಳು ಕೂಡ ಬರೆದುಕೊಟ್ಟರು.

2002ರಲ್ಲಿ ಚರ್ಚ್ 'ಕ್ರಾಸ್‌ಓವರ್' ಎಂಬ ಯೋಜನೆ ಆರಂಭಿಸಿತು. ಚರ್ಚಿನ ಬಾಗಿಲು ತುಳಿಯದ ಯುವಜನರನ್ನು ಪಾಪ್ ಸಂಗೀತದ ಮೂಲಕ ತಲುಪುವುದು ಅದರ ಉದ್ದೇಶ. ಗಾಯಕಿ ಪಾಸ್ಟರ್ ಅವರ ಪತ್ನಿಯೇ. ಮ್ಯಾಂಡರಿನ್ ಭಾಷೆಯ ಆಲ್ಬಂಗಳ ನಂತರ ಗುರಿ ಅಮೆರಿಕದ ಕಡೆ ತಿರುಗಿತು. 2007ರಲ್ಲಿ ಗಾಯಕ ವೈಕ್ಲೆಫ್ ಜಾನ್ ಜತೆಗೂಡಿ ಸನ್ ಹೋ ಮಾಡಿದ 'ಚೈನಾ ವೈನ್' ಹಾಡಿನ ವಿಡಿಯೊ ನೋಡಿದವರಿಗೆ ಅದಕ್ಕೂ ಸುವಾರ್ತೆಗೂ ಏನು ಸಂಬಂಧ ಎಂದು ತಿಳಿಯುವುದು ಕಷ್ಟ. ಹಾಡಿನ ಮೂಲಕ ಧರ್ಮಪ್ರಚಾರ ಮಾಡಬಾರದು ಎಂದು ನಾನು ಹೇಳುತ್ತಿಲ್ಲ. ಯೋಜನೆಯನ್ನು ಸದಸ್ಯರ ಮುಂದೆ ಇಟ್ಟು, ಇಷ್ಟು ಖರ್ಚು, ಇಷ್ಟು ನಷ್ಟದ ಸಂಭವ, ಹಾಡುವವರು ನನ್ನ ಹೆಂಡತಿ, ಒಪ್ಪುತ್ತೀರಾ ಎಂದು ಕೇಳಿ ಅವರು ಒಪ್ಪಿದ್ದರೆ ಅದು ಆ ಸಭೆಯ ತೀರ್ಮಾನವಾಗಿರುತ್ತಿತ್ತು. ಹಾಗೆ ಕೇಳಲಿಲ್ಲ ಎಂಬುದೇ ಮೊಕದ್ದಮೆಯ ಹೂರಣ.

ಹಣ ಹೋದ ದಾರಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 2003ರ ಗದ್ದಲದ ಬೆನ್ನಲ್ಲೇ ಎಕ್ಸ್‌ಟ್ರಾನ್ ಎಂಬ ಕಂಪನಿ ಹುಟ್ಟಿತು. ಸನ್ ಹೋ ಅವರ ವ್ಯವಹಾರ ನೋಡಿಕೊಳ್ಳುವುದು ಆ ಕಂಪನಿ, ಚರ್ಚಿಗೂ ಅದಕ್ಕೂ ಸಂಬಂಧವಿಲ್ಲ ಎಂಬುದು ಹೊರಗಿನ ಚಿತ್ರ. ಅದರ ನಿರ್ಧಾರಗಳು ಕಾಂಗ್ ಹೀ ಮತ್ತು ಅವರ ಆಪ್ತರ ಕೈಯಲ್ಲೇ ಇದ್ದವು ಎಂದು ನ್ಯಾಯಾಲಯ ನಂತರ ಕಂಡುಕೊಂಡಿತು. 2007ರಿಂದ ಚರ್ಚಿನ ಕಟ್ಟಡ ನಿಧಿಯ ಹಣದಿಂದ ಎಕ್ಸ್‌ಟ್ರಾನ್ ಮತ್ತು ಫಿರ್ನಾ ಎಂಬ ಇಂಡೊನೇಷ್ಯಾದ ಗಾಜಿನ ಸಾಮಾನು ಕಂಪನಿಯ ಬಾಂಡುಗಳನ್ನು ಕೊಳ್ಳಲಾಯಿತು. ಮೊತ್ತ 2.4 ಕೋಟಿ ಸಿಂಗಾಪುರ ಡಾಲರ್. ಚರ್ಚಿನ ಪುಸ್ತಕದಲ್ಲಿ ಅದು 'ಹೂಡಿಕೆ'. ಕಂಪನಿಗಳಿಂದ ಹಣ ಹೊರಟದ್ದು ಆಲ್ಬಂ ತಯಾರಿಗೆ. ಮುಂದೆ ಲೆಕ್ಕಪರಿಶೋಧಕರು ಈ ಬಾಂಡುಗಳ ಬಗ್ಗೆ ಪ್ರಶ್ನೆ ಕೇಳತೊಡಗಿದರು. ಬಾಂಡುಗಳು ಪುಸ್ತಕದಿಂದ ಮಾಯವಾಗಬೇಕಿತ್ತು. ಆಗ ಚರ್ಚಿನ ಇನ್ನೂ 2.6 ಕೋಟಿಯಷ್ಟು ಹಣವನ್ನು ಹೊಸ ಹೂಡಿಕೆ, ಮುಂಗಡ ಬಾಡಿಗೆ ಎಂಬ ಹೆಸರುಗಳಲ್ಲಿ ಹೊರಗೆ ಕಳಿಸಿ, ಒಂದೆರಡು ಖಾತೆ ಸುತ್ತಿಸಿ, ಹಳೆಯ ಸಾಲ ತೀರಿತೆಂದು ಚರ್ಚಿಗೇ ಮರಳಿಸಲಾಯಿತು. ಸಾಲ ಕೊಟ್ಟವರ ಹಣದಿಂದಲೇ ಸಾಲ ತೀರಿಸಿದಂತಾಯಿತು.

ಈ ವರ್ಷಗಳಲ್ಲೆಲ್ಲ ಚರ್ಚಿನ ಲೆಕ್ಕಪತ್ರಗಳು ಆಡಿಟ್ ಆಗುತ್ತಿದ್ದವು ಎಂಬುದನ್ನು ಮರೆಯಬಾರದು. ನಮ್ಮಲ್ಲೂ ಸಂಸ್ಥೆಗಳ ಮುಖಂಡರು ಪ್ರಶ್ನೆ ಬಂದ ಕೂಡಲೇ 'ನಮ್ಮದು ಆಡಿಟ್ ಆಗಿದೆ' ಎನ್ನುತ್ತಾರೆ. ಆಡಿಟರು ತಮ್ಮ ಮುಂದೆ ಇಟ್ಟ ಕಾಗದ ನೋಡುತ್ತಾರೆ. ಬಾಂಡು ಕೊಂಡ ಕಂಪನಿ ಯಾರ ಮಾತು ಕೇಳುತ್ತದೆ, ಅದರಿಂದ ಲಾಭ ಪಡೆಯುವವರು ಪಾಸ್ಟರಿಗೆ ಏನಾಗಬೇಕು ಎಂಬುದನ್ನು ಬಲ್ಲವರು ಸಭೆಯೊಳಗಿನವರು. ಅವರ ಬಾಯಿ ಮುಚ್ಚಿದ್ದರೆ ಆಡಿಟ್ ವರದಿ ಎಷ್ಟು ಚೊಕ್ಕಟವಾಗಿದ್ದರೂ ಪ್ರಯೋಜನವಿಲ್ಲ.

2010ರಲ್ಲಿ ದತ್ತಿ ಸಂಸ್ಥೆಗಳ ಆಯುಕ್ತರು ತನಿಖೆ ಆರಂಭಿಸಿದರು, 2012ರ ಜೂನ್‌ನಲ್ಲಿ ಬಂಧನಗಳಾದವು. ವಿಚಾರಣೆ ಸುಮಾರು 140 ದಿನ ನಡೆಯಿತು. ಸನ್ ಹೋ ಅವರ ಮೇಲೆ ಆರೋಪ ಹೊರಿಸಲಿಲ್ಲ. ಕಾಂಗ್ ಹೀ ಅವರಿಗೆ ಎಂಟು ವರ್ಷ ಸೆರೆವಾಸ, ಉಳಿದವರಿಗೆ 21 ತಿಂಗಳಿಂದ ಆರು ವರ್ಷದವರೆಗೆ ಶಿಕ್ಷೆಯಾಯಿತು. 2017ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಇವನ್ನೆಲ್ಲ ಇಳಿಸಿತು. ಕಾಂಗ್ ಹೀ ಅವರ ಎಂಟು ವರ್ಷ ಮೂರೂವರೆ ವರ್ಷವಾಯಿತು.

ಈ ಇಳಿಕೆಯ ಹಿಂದಿನ ಕಥೆ ಭಾರತದ ಓದುಗರಿಗೆ ಆಸಕ್ತಿ ಹುಟ್ಟಿಸುವಂಥದ್ದು. ಸಿಂಗಾಪುರದ ದಂಡ ಸಂಹಿತೆ 1860ರ ನಮ್ಮ ಭಾರತೀಯ ದಂಡ ಸಂಹಿತೆಯ ಕೂಸು. ಎರಡರಲ್ಲೂ 409ನೇ ಕಲಮು ಒಂದೇ ವಿಷಯಕ್ಕೆ ಸೇರಿದ್ದು: ಸರ್ಕಾರಿ ನೌಕರ, ಬ್ಯಾಂಕರ್, ವರ್ತಕ ಅಥವಾ ಏಜೆಂಟ್ ಆದವನು ನಂಬಿಕೆದ್ರೋಹ ಮಾಡಿದರೆ ಸಾಮಾನ್ಯನಿಗಿಂತ ಹೆಚ್ಚಿನ ಶಿಕ್ಷೆ. ಸಂಸ್ಥೆಯೊಂದರ ನಿರ್ದೇಶಕ ಆ ಸಂಸ್ಥೆಯ 'ಏಜೆಂಟ್' ಹೌದೋ ಅಲ್ಲವೋ? ಭಾರತದ ಸುಪ್ರೀಂ ಕೋರ್ಟ್ 1962ರಲ್ಲಿ, ಉದ್ಯಮಿ ರಾಮಕೃಷ್ಣ ದಾಲ್ಮಿಯಾ ಅವರ ಪ್ರಕರಣದಲ್ಲಿ, ಹೌದು ಎಂದಿತ್ತು. ವಿಮಾ ಕಂಪನಿಯೊಂದರ ಹಣ ಎರಡು ಕೋಟಿ ರೂಪಾಯಿಗೂ ಮೀರಿ ಕರಗಿದ್ದ ಪ್ರಕರಣ ಅದು. ಸಿಂಗಾಪುರದ ನ್ಯಾಯಾಲಯಗಳೂ ದಶಕಗಳ ಕಾಲ ಅದೇ ಅರ್ಥದಲ್ಲಿ ನಡೆದವು. 2017ರಲ್ಲಿ ಹೈಕೋರ್ಟಿನ ಬಹುಮತದ ಇಬ್ಬರು ನ್ಯಾಯಮೂರ್ತಿಗಳು ಆ ಅರ್ಥವನ್ನು ಬಿಟ್ಟರು. ಏಜೆಂಟ್ ಎಂದರೆ ಹೊರಗಿನವರಿಗಾಗಿ ವೃತ್ತಿಯಾಗಿ ಕೆಲಸ ಮಾಡುವವನು, ಸಂಸ್ಥೆಯ ಒಳಗಿನ ನಿರ್ದೇಶಕನಲ್ಲ ಎಂದರು. 2018ರ ಫೆಬ್ರವರಿ 1ರಂದು ಮೇಲ್ಮನವಿ ನ್ಯಾಯಾಲಯ ಅದನ್ನೇ ಎತ್ತಿಹಿಡಿದು, ಕಾನೂನಿನ ಈ ಕಿಂಡಿಯನ್ನು ಮುಚ್ಚುವುದು ಸಂಸತ್ತಿನ ಕೆಲಸ ಎಂದಿತು. ಸಂಸತ್ತು 2019ರಲ್ಲಿ ಮುಚ್ಚಿತು. 2020ರ ಜನವರಿಯಿಂದ ಅಲ್ಲಿ ನಿರ್ದೇಶಕರು ಮತ್ತು ಪ್ರಮುಖ ಅಧಿಕಾರಿಗಳು ಹೆಚ್ಚಿನ ಶಿಕ್ಷೆಯ ವ್ಯಾಪ್ತಿಗೆ ಬಂದಿದ್ದಾರೆ. ನಮ್ಮಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮು ಹಳೆಯ 409ರ ಜಾಗದಲ್ಲಿದೆ.

ಇತ್ತ ಸಿಟಿ ಹಾರ್ವೆಸ್ಟ್ ಪ್ರಕರಣದಲ್ಲಿ, ತಮ್ಮ ಶಿಕ್ಷೆ ಆರಂಭವಾಗುವ ಹಿಂದಿನ ದಿನ, 2018ರ ಫೆಬ್ರವರಿ 21ರಂದು, ಆರು ಮಂದಿಯಲ್ಲೊಬ್ಬರಾದ ಚರ್ಚಿನ ಮಾಜಿ ಹೂಡಿಕೆ ವ್ಯವಸ್ಥಾಪಕ ಚ್ಯೂ ಎಂಗ್ ಹಾನ್ ಅವರನ್ನು ಪುಲಾವ್ ಉಬಿನ್ ದ್ವೀಪದ ಬಳಿ ಮೋಟಾರು ದೋಣಿಯೊಂದರಲ್ಲಿ ಕರಾವಳಿ ಪೊಲೀಸರು ಹಿಡಿದರು. ಅವರು ಹೊರಟಿದ್ದು ಮಲೇಷ್ಯಾ ಕಡೆಗೆ.

ಸಿಟಿ ಹಾರ್ವೆಸ್ಟನ್ನು ಮಾತ್ರ ದೂರಿದರೆ ಅನ್ಯಾಯವಾಗುತ್ತದೆ. ಅದೇ ಸಿಂಗಾಪುರದಲ್ಲಿ 2005ರಲ್ಲಿ ಮೂತ್ರಪಿಂಡ ರೋಗಿಗಳ ಪ್ರತಿಷ್ಠಾನದ ಹಗರಣ ಹೊರಬಿದ್ದಿತ್ತು. ಬೌದ್ಧ ಭಿಕ್ಷು ಮಿಂಗ್ ಯಿ ತಾವು ನಡೆಸುತ್ತಿದ್ದ ಆಸ್ಪತ್ರೆಯ ಹಣದ ವಿಷಯದಲ್ಲಿ ಜೈಲು ಕಂಡರು. ದಾನದ ಹಣ ಎಲ್ಲಿ ರಾಶಿ ಬೀಳುತ್ತದೋ ಅಲ್ಲೆಲ್ಲ ಈ ಅಪಾಯ ಇದ್ದದ್ದೇ. ಆದರೆ ಇಂದಿನ ಕ್ರೈಸ್ತ ಸಭೆಗಳಲ್ಲಿ ಅದಕ್ಕೆ ಒಂದು ವಿಶೇಷ ಗೊಬ್ಬರ ಸಿಕ್ಕಿದೆ. ಅದರ ಹೆಸರು ಸಮೃದ್ಧಿ ಸುವಾರ್ತೆ.

ನೀನು ದೇವರಿಗೆ ಕೊಟ್ಟರೆ ದೇವರು ನಿನಗೆ ಹಲವು ಪಟ್ಟು ಕೊಡುತ್ತಾನೆ, ಕಾಣಿಕೆ ಬಿತ್ತಿದ ಬೀಜ, ಬಡತನ ನಂಬಿಕೆಯ ಕೊರತೆ ಎಂಬುದು ಅದರ ಸಾರ. ಅಮೆರಿಕದ ಓರಲ್ ರಾಬರ್ಟ್ಸ್ ಈ 'ಬೀಜ ನಂಬಿಕೆ'ಯನ್ನು ಟಿವಿಯ ಮೂಲಕ ಮನೆಮನೆಗೆ ಮುಟ್ಟಿಸಿದವರು. 1987ರಲ್ಲಿ, 80 ಲಕ್ಷ ಡಾಲರ್ ಸೇರದಿದ್ದರೆ ದೇವರು ತಮ್ಮನ್ನು ಕರೆದುಕೊಂಡುಬಿಡುತ್ತಾನೆ ಎಂದು ಅವರು ವೀಕ್ಷಕರಿಗೆ ಹೇಳಿದರು. ಹಣ ಸೇರಿತು. ಅದೇ ಕಾಲದ ಜಿಮ್ ಬೇಕರ್ ಸಾವಿರ ಡಾಲರ್ ಕೊಟ್ಟವರಿಗೆ ತಮ್ಮ ಕ್ರೈಸ್ತ ವಿಹಾರಧಾಮದ ಹೋಟೆಲಿನಲ್ಲಿ ಜೀವನಪರ್ಯಂತ ವರ್ಷಕ್ಕೆ ಮೂರು ರಾತ್ರಿ ತಂಗುವ ಹಕ್ಕು ಮಾರಿದರು. ಹಕ್ಕು ಕೊಂಡವರೆಲ್ಲರಿಗೆ ಸಾಲುವಷ್ಟು ಕೋಣೆಗಳೇ ಇರಲಿಲ್ಲ. 1989ರಲ್ಲಿ ಅವರಿಗೆ 45 ವರ್ಷ ಶಿಕ್ಷೆಯಾಯಿತು. ನಂತರ ಅದು ಕಡಿಮೆಯಾಗಿ 1994ರಲ್ಲಿ ಹೊರಬಂದರು. ಇತ್ತೀಚೆಗೆ, 2018ರಲ್ಲಿ, ಜೆಸ್ಸಿ ಡುಪ್ಲಾಂಟಿಸ್ ಎಂಬ ಬೋಧಕರು 5.4 ಕೋಟಿ ಡಾಲರ್ ಬೆಲೆಯ ಜೆಟ್ ವಿಮಾನಕ್ಕಾಗಿ ನಂಬುವಂತೆ ತಮ್ಮ ಅನುಯಾಯಿಗಳಿಗೆ ಕರೆ ಕೊಟ್ಟರು. ಅದು ಅವರ ಸೇವಾಸಂಸ್ಥೆಯ ನಾಲ್ಕನೆಯ ವಿಮಾನವಾಗಬೇಕಿತ್ತು.

ಅಮೆರಿಕದಲ್ಲಿ ಇವರನ್ನು ಪ್ರಶ್ನಿಸುವ ಪ್ರಯತ್ನ ನಡೆಯದೇ ಇರಲಿಲ್ಲ. 2007ರ ನವೆಂಬರ್‌ನಲ್ಲಿ ಸೆನೆಟರ್ ಚಕ್ ಗ್ರಾಸ್ಲಿ ಆರು ದೊಡ್ಡ ಟಿವಿ ಸೇವಾಸಂಸ್ಥೆಗಳಿಗೆ ಪತ್ರ ಬರೆದು ಸಂಬಳ, ವಿಮಾನ, ಮನೆಗಳ ವಿವರ ಕೇಳಿದರು. ಕೆಲವರು ಕೊಟ್ಟರು, ಕೆಲವರು ಕೊಡಲಿಲ್ಲ. 2011ರ ಜನವರಿಯಲ್ಲಿ ಯಾರಿಗೂ ದಂಡವಿಲ್ಲದೆ ವಿಚಾರಣೆ ಮುಗಿಯಿತು. ಅಲ್ಲಿ ಬೇರೆ ದತ್ತಿ ಸಂಸ್ಥೆಗಳು ಪ್ರತಿವರ್ಷ ಸಲ್ಲಿಸಬೇಕಾದ ಆದಾಯ ವಿವರಣೆಯಿಂದ ಚರ್ಚುಗಳಿಗೆ ವಿನಾಯಿತಿ ಇದೆ. ಗ್ರಾಸ್ಲಿ ಪಟ್ಟಿಯಲ್ಲಿದ್ದ ಬೆನ್ನಿ ಹಿನ್ ಅವರನ್ನು ಬೆಂಗಳೂರಿನವರು ಬಲ್ಲರು: 2005ರ ಜನವರಿಯಲ್ಲಿ ಜಕ್ಕೂರಿನ ವಿಮಾನ ಮೈದಾನದಲ್ಲಿ ಪ್ರತಿಭಟನೆಗಳ ನಡುವೆ ಅವರ ಮೂರು ದಿನದ ಪ್ರಾರ್ಥನಾ ಮಹೋತ್ಸವ ನಡೆದಿತ್ತು. ಅದೇ ಬೆನ್ನಿ ಹಿನ್ 2019ರಲ್ಲಿ, ಹಣ ಕೊಟ್ಟರೆ ಆಶೀರ್ವಾದ ಎಂದು ಬೋಧಿಸುವುದನ್ನು ಇನ್ನು ಬಿಡುತ್ತೇನೆ, ಸುವಾರ್ತೆ ಮಾರಾಟಕ್ಕಿಲ್ಲ ಎಂಬ ಅರ್ಥದ ಮಾತಾಡಿದರು.

ಏಷ್ಯಾದಲ್ಲಿ ಈ ಧಾಟಿಗೆ ದೊಡ್ಡ ಮಾದರಿಯಾಗಿದ್ದವರು ದಕ್ಷಿಣ ಕೊರಿಯಾದ ಡೇವಿಡ್ ಯೊಂಗಿ ಚೊ. ಸೋಲ್ ನಗರದ ಅವರ ಯೊಯಿದೊ ಚರ್ಚ್ ಜಗತ್ತಿನ ಅತಿ ದೊಡ್ಡ ಸಭೆಯೆಂದು ಹೆಸರಾಗಿತ್ತು. ಮಗನ ಬಳಿಯಿದ್ದ ಷೇರುಗಳನ್ನು ಮಾರುಕಟ್ಟೆ ಬೆಲೆಗಿಂತ ಬಹಳ ಹೆಚ್ಚಿಗೆ ಚರ್ಚಿನಿಂದ ಕೊಳ್ಳಿಸಿ 1,300 ಕೋಟಿ ವಾನ್ ನಷ್ಟ ಮಾಡಿದ್ದಕ್ಕೆ 2014ರಲ್ಲಿ ಅವರಿಗೆ ಅಮಾನತಿನಲ್ಲಿಟ್ಟ ಸೆರೆವಾಸದ ಶಿಕ್ಷೆಯಾಯಿತು. ಸಿಂಗಾಪುರದಲ್ಲಿ ಹೆಂಡತಿ, ಕೊರಿಯಾದಲ್ಲಿ ಮಗ. ಸಂಸ್ಥೆಯ ಹಣ ಕುಟುಂಬದ ಕಡೆ ತಿರುಗಿದಾಗ ತಡೆಯಬೇಕಾದ ಸಮಿತಿಯಲ್ಲಿ ಕುಳಿತವರೆಲ್ಲ ಪಾಸ್ಟರ್ ಆರಿಸಿದವರೇ ಆಗಿದ್ದರೆ ಯಾರು ತಡೆಯುತ್ತಾರೆ?

ಇನ್ನೊಂದು ಮಗ್ಗುಲು ಇದೆ. ಚರ್ಚು ವ್ಯಾಪಾರಕ್ಕೆ ಕೈ ಹಾಕಿದ್ದೇ ತಪ್ಪು ಎನ್ನುವವರು ಮಂಗಳೂರಿನ ಇತಿಹಾಸ ನೋಡಬೇಕು. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಷನ್, ಮತಾಂತರಗೊಂಡು ಜಾತಿ, ಜಮೀನು, ಕೆಲಸ ಕಳೆದುಕೊಂಡವರಿಗೆ ಅನ್ನದ ದಾರಿ ಮಾಡಿಕೊಡಲು ನೇಯ್ಗೆ, ಮುದ್ರಣಕ್ಕೆ ಇಳಿಯಿತು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಕರಾವಳಿಯ ಮನೆಗಳ ಮಾಡು ಕೆಂಪಾದದ್ದು ಆ ಹೆಂಚಿನಿಂದ. ಸುವಾರ್ತೆ ಸಾರಲು ಬಂದವರು ಹೆಂಚು ಮಾರಬಹುದೇ ಎಂಬ ಚರ್ಚೆ ಮಿಷನ್ನಿನೊಳಗೇ ನಡೆದಿತ್ತು. ವ್ಯಾಪಾರವನ್ನು ನೋಡಿಕೊಳ್ಳಲು 1859ರಲ್ಲೇ ಪ್ರತ್ಯೇಕ ಕಂಪನಿ ಕಟ್ಟಿದ್ದರು. ಆ ಕಾರ್ಖಾನೆಗಳಲ್ಲಿ ದುಡಿದವರ ಕಷ್ಟಗಳನ್ನು ಯಾರೂ ಅಲ್ಲಗಳೆಯಲಾರರು. ಆದರೂ ಹೆಂಚನ್ನು ಹೆಂಚೆಂದೇ ಮಾರಿದರು, ಕಂಪನಿಯನ್ನು ಕಂಪನಿಯೆಂದೇ ಕರೆದರು. ಸಿಂಗಾಪುರದಲ್ಲಿ ಕಂಪನಿ ಕಟ್ಟಿದ್ದು ಮರೆಮಾಚುವುದಕ್ಕೆ. ನನ್ನ ತಕರಾರು ಇರುವುದು ಈ ಎರಡನೆಯದರ ಬಗ್ಗೆ.

ಹಣದ ವಿಷಯದಲ್ಲಿ ಕ್ರೈಸ್ತ ಪರಂಪರೆಯೇ ಎಷ್ಟು ಎಚ್ಚರದಿಂದಿತ್ತು ಎಂಬುದು ಇಂದು ವೇದಿಕೆಯಿಂದ ಕೇಳಿಬರುವುದಿಲ್ಲ. ಕಾಣಿಕೆಯ ಭಾನುವಾರ ಮಲಾಕಿಯನ ಪುಸ್ತಕದ ದಶಮಾಂಶದ ವಾಕ್ಯ ತಪ್ಪದೆ ಓದಲಾಗುತ್ತದೆ. ಕೊರಿಂಥದವರಿಗೆ ಪೌಲನು ಬರೆದ ಎರಡನೆಯ ಪತ್ರಿಕೆಯ ಎಂಟನೆಯ ಅಧ್ಯಾಯದ ಕೊನೆಯ ಭಾಗವನ್ನು ಅಂದು ಓದುವವರು ಅಪರೂಪ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಒಯ್ಯುವಾಗ ಪೌಲನು ತಾನೊಬ್ಬನೇ ಹೋಗಲಿಲ್ಲ. ಸಭೆಗಳೇ ಆರಿಸಿಕೊಟ್ಟವರನ್ನು ಜತೆಗೆ ಕರೆದುಕೊಂಡ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಪ್ಪು ಹುಡುಕುವಂತಾಗಬಾರದು, ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂಬುದು ಅವನ ಕಾರಣ. ಕ್ರಿಸ್ತಶಕದ ಮೊದಲ ಶತಮಾನಗಳ 'ದಿದಾಕೆ' ಎಂಬ ಸಭಾ ಕೈಪಿಡಿ ಇನ್ನೂ ಖಡಾಖಂಡಿತವಾಗಿತ್ತು: ಸಂಚಾರಿ ಬೋಧಕ ಮೂರನೆಯ ದಿನವೂ ತಂಗಿದರೆ, ಹೊರಡುವಾಗ ಹಣ ಕೇಳಿದರೆ, ಅವನನ್ನು ಸುಳ್ಳು ಪ್ರವಾದಿಯೆಂದೇ ತಿಳಿಯಬೇಕು.

ಇಂಥ ಎಚ್ಚರ ನಮ್ಮ ಹಳ್ಳಿಗಾಡಿನ ಸಭೆಗಳಲ್ಲಿ ಇನ್ನೂ ಉಳಿದಿದೆ. ಸುಗ್ಗಿ ಹಬ್ಬದ ದಿನ ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಹರಾಜು ನಡೆಯುತ್ತದೆ. ಕುಂಬಳಕಾಯಿ, ಬಾಳೆಗೊನೆ, ತೆಂಗಿನಕಾಯಿ, ಕಾಲು ಕಟ್ಟಿದ ಕೋಳಿ, ಯಾರೋ ಮನೆಯಲ್ಲಿ ಮಾಡಿ ತಂದ ಕೇಕು. ಕೂಗುವವರು ಒಂದು ಕುಂಬಳಕಾಯಿಯನ್ನು ಸಂತೆಯ ಬೆಲೆಯ ಹಲವು ಪಟ್ಟು ಏರಿಸುತ್ತಾರೆ. ಕೊಂಡವರು ಅದನ್ನು ಮತ್ತೆ ಹರಾಜಿಗೇ ಬಿಡುವುದೂ ಉಂಟು. ಪಕ್ಕದಲ್ಲಿ ಖಜಾಂಚಿ ಪುಸ್ತಕ ಹಿಡಿದು ಹೆಸರು, ಸಾಮಾನು, ಮೊತ್ತ ಬರೆಯುತ್ತಾರೆ. ಒಟ್ಟು ಎಷ್ಟಾಯಿತೆಂದು ಎಲ್ಲರೆದುರು ಗಟ್ಟಿಯಾಗಿ ಓದುತ್ತಾರೆ. ಕೂಲಿ ಮಾಡಿ ತಂದ ಇಪ್ಪತ್ತು ರೂಪಾಯಿಗೂ ಅಲ್ಲಿ ಒಂದು ಸಾಲು ಇರುತ್ತದೆ. ಹಣ ದೊಡ್ಡದಾದಂತೆ, ಸಭೆ ಊರಿಂದ ನಗರಕ್ಕೆ, ಅಂಗಳದಿಂದ ಹವಾನಿಯಂತ್ರಿತ ಸಭಾಂಗಣಕ್ಕೆ ಹೋದಂತೆ ಈ ಗಟ್ಟಿಯಾಗಿ ಓದುವ ಕ್ರಮವೇ ಮೊದಲು ಬಿದ್ದುಹೋಗುತ್ತದೆ. ಹತ್ತು ಸಾವಿರದ ಲೆಕ್ಕ ಎಲ್ಲರಿಗೂ ಗೊತ್ತು, ಹತ್ತು ಕೋಟಿಯ ಲೆಕ್ಕ ನಾಲ್ಕು ಜನಕ್ಕೆ ಮಾತ್ರ.

ನ್ಯಾಯದ ಪ್ರಶ್ನೆಯೂ ಇಲ್ಲೇ ಇದೆ. ವೇದಿಕೆಯ ಮೇಲೆ ಮಿಂಚುವ ನಾಯಕರನ್ನು ನೋಡಿ ಪಾಸ್ಟರುಗಳೆಲ್ಲ ಹಣವಂತರು ಎಂದುಕೊಳ್ಳುವವರು ಸ್ವತಂತ್ರ ಸಭೆಗಳ ಹಳ್ಳಿ ಪಾಸ್ಟರುಗಳ ಮನೆ ನೋಡಿಲ್ಲ. ಅವರಲ್ಲಿ ಎಷ್ಟೋ ಮಂದಿಗೆ ನಿಗದಿತ ಸಂಬಳವಿಲ್ಲ, ವಾರದ ಕಾಣಿಕೆಯೇ ಆಧಾರ. ಮಗಳ ಶಾಲಾ ಶುಲ್ಕ ತುಂಬಲು ಒದ್ದಾಡುವ ಈ ಸಭಾಪಾಲಕರೂ ನಗರದ ಬೋಧಕರ ತಪ್ಪಿನ ಕೆಟ್ಟ ಹೆಸರು ಹೊರಬೇಕಾಗುತ್ತದೆ. ಸಿಟಿ ಹಾರ್ವೆಸ್ಟ್ ಪ್ರಕರಣದ ನಂತರ ಆ ಚರ್ಚಿನ ಹಾಜರಿ ಸುಮಾರು ಅರ್ಧಕ್ಕೆ ಇಳಿಯಿತು. ಹೊರಟುಹೋದವರಲ್ಲಿ ಎಷ್ಟು ಜನ ಇನ್ನಾವ ಚರ್ಚಿನ ಮೆಟ್ಟಿಲನ್ನೂ ಹತ್ತಲಿಲ್ಲವೋ ಯಾರು ಬರೆದಿಟ್ಟಿದ್ದಾರೆ?

ಭಾರತದಲ್ಲಿ ಚರ್ಚುಗಳ ಆಸ್ತಿಗೆ ಪಾರದರ್ಶಕ ಆಡಳಿತ ತರುವ ಮಾತು ಹೊಸದಲ್ಲ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ನೇತೃತ್ವದ ಕೇರಳ ಕಾನೂನು ಸುಧಾರಣಾ ಆಯೋಗ 2009ರಲ್ಲಿ ಚರ್ಚ್ ಆಸ್ತಿಗಳ ಟ್ರಸ್ಟ್ ಮಸೂದೆಯ ಕರಡು ಕೊಟ್ಟಿತ್ತು. ಸಭೆಯವರೇ ಆರಿಸಿದ ಸಮಿತಿಗಳ ಕೈಗೆ ಆಸ್ತಿಯ ಆಡಳಿತ ಹೋಗಲಿ ಎಂಬುದು ಅದರ ಆಶಯ. ಚರ್ಚ್ ನಾಯಕತ್ವದಿಂದ ಬಲವಾದ ವಿರೋಧ ಬಂತು, ಮಸೂದೆ ಕಾನೂನಾಗಲಿಲ್ಲ. ಅಲ್ಪಸಂಖ್ಯಾತರ ಸಂಸ್ಥೆಗಳಲ್ಲಿ ಸರ್ಕಾರ ಕೈಯಾಡಿಸುವ ಭಯ ಇಂದಿನ ದಿನಗಳಲ್ಲಿ ಸುಳ್ಳಲ್ಲ, ಅದನ್ನು ಹಗುರವಾಗಿ ತಳ್ಳಿಹಾಕಲು ನಾನು ತಯಾರಿಲ್ಲ. ಆದರೆ ಸರ್ಕಾರ ಬೇಡವೆನ್ನುವ ಸಭೆ ತನ್ನ ಸದಸ್ಯರಿಗಾದರೂ ಬಾಗಿಲು ತೆರೆಯಬೇಕು. ಎರಡಕ್ಕೂ ಮುಚ್ಚಿದ ಬಾಗಿಲನ್ನು ಧಾರ್ಮಿಕ ಸ್ವಾತಂತ್ರ್ಯದ ಹೆಸರಿನಲ್ಲಿ ಸಮರ್ಥಿಸಲಾಗದು.

ಆದ್ದರಿಂದ ಚರ್ಚಿಗೆ ಹೋಗುವ ಓದುಗರಲ್ಲಿ ನನ್ನ ವಿನಂತಿ ಇಷ್ಟು. ಈ ವರ್ಷದ ಮಹಾಸಭೆಯನ್ನು ತಪ್ಪಿಸಿಕೊಳ್ಳಬೇಡಿ. ಕಟ್ಟಡ ನಿಧಿಗೆ ಬಂದದ್ದು ಕಟ್ಟಡಕ್ಕೇ ಹೋಗಿದೆಯೇ ಎಂದು ಎದ್ದು ನಿಂತು ಕೇಳಿ. ಸಭೆ ವ್ಯವಹಾರ ಮಾಡುವ ಕಂಪನಿ, ಗುತ್ತಿಗೆದಾರ, ಶಾಲೆಗಳಲ್ಲಿ ನಾಯಕರ ಸಂಬಂಧಿಕರು ಯಾರಿದ್ದಾರೆ, ಪಾಸ್ಟರ್ ಸಂಬಳವನ್ನು ನಿಗದಿ ಮಾಡುವವರು ಯಾರು ಎಂದೂ ಕೇಳಿ. ಪಾಸ್ಟರುಗಳಲ್ಲೂ ಹಿರಿಯರಲ್ಲೂ ಒಂದು ಕೋರಿಕೆ: ಕೇಳುವವರೆಗೆ ಕಾಯಬೇಡಿ. ಆದಾಯ, ಖರ್ಚು, ಹೂಡಿಕೆ, ಸಂಬಳ ನಾಲ್ಕನ್ನೂ ಕನ್ನಡದಲ್ಲಿ, ಎಲ್ಲರಿಗೂ ಅರ್ಥವಾಗುವಂತೆ ಬರೆಸಿ, ಮುಂದಿನ ಭಾನುವಾರವೇ ಸೂಚನಾ ಫಲಕಕ್ಕೆ ಹಚ್ಚಿ.